ಗೊಡ್ಡು ಮರಕ್ಕೆ ಸುಣ್ಣದ ಗೆರೆ

ಕೊಡಲಿ ಹಿಡಿದು ಬೆಟ್ಟ ಹತ್ತಿದ ಕೆಲಸದಾಳು ರಾಘು ಬರಿಗೈಯಲ್ಲಿ, ಅದೂ ಬರಿಮೈಯಲ್ಲಿ, ಇಳಿದು ಬಂದ. ಅವನ ಕೊಡಲಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಗೌರಕ್ಕನ ತಲೆಯ ಮೇಲಿನ ಬುಟ್ಟಿಯಲ್ಲಿ ಒಣ ಎಲೆಗಳ ಅಡಿಗೆ ಮಲಗಿಕೊಂಡು ಬಂದು, ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ, ಅವಳ ಮಂಚದ ಕೆಳಗೆ ಸೇರಿಕೊಂಡಿತ್ತು. ಅಂಗಳದಲ್ಲಿ ನಿಂತ ರಾಘು ಶಾಂತಾರಾಮ ಹೆಗಡೆಯ ಎದುರು ಹೇಳಿದ್ದು ಇಷ್ಟೇ:

"ಹೆಗಡೇರೇ, ಅಮ್ಮ ನನ್ ಕೊಡ್ಲಿ ಹೊತ್ಕಂಡು ಬಂದ್ರು."

ಬೇರೆ ಯಾರ ಬಗ್ಗೆಯಾದರೂ ಹೀಗೆ ಹೇಳಿದ್ದರೆ ಶಾಂತಾರಾಮ ನಂಬುತ್ತಿರಲಿಲ್ಲ. ಅತ್ತಿಗೆ ಗೌರಕ್ಕನ ಬಗ್ಗೆ ಹೇಳಿದ್ದರಿಂದ ತಕ್ಷಣ ನಂಬಿದ.

ಸಿದ್ದಾಪುರದಿಂದ ಒಳಗೆ, ಬಸ್ಸು ತಿರುಗಿಸಲು ಜಾಗವಿಲ್ಲದೆ ಹಿಮ್ಮುಖವಾಗಿ ವಾಪಸು ಹೋಗುವ ಊರು ಕೆಳಗಿನಜಡ್ಡಿ. ಅಲ್ಲಿ ತೋಟವಿರುವ ಪ್ರತಿ ಮನೆಗೂ ಒಂದು ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ನಮ್ಮದು, ದರಕು, ಅಂದರೆ ಉದುರಿದ ಒಣ ಎಲೆ, ಅದೂ ನಮ್ಮದು, ಬಿದ್ದ ಕಾಯಿಯೂ ನಮ್ಮದು. ಮರ ಮಾತ್ರ ಸರ್ಕಾರದ್ದು. ಹಾಗಾದರೆ ನಿಂತಲ್ಲೇ ಒಣಗಿ ಸತ್ತ ಮರ ಯಾರದ್ದು? ಅದನ್ನು ಆ ಊರಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕೇಳದೆ ಸುಮ್ಮನೆ ಸೌದೆ ಮಾಡಿಕೊಳ್ಳುತ್ತಾರೆ.

ಈಚೆಗೆ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಬಂದಿತ್ತು. ಕಾಡಿನಲ್ಲಿ ಪುಕ್ಕಟೆ ಬಿದ್ದು ಕೊಳೆಯುತ್ತಿದ್ದ ಹುಳಿಕಾಯಿ ಈಗ ಶಿರಸಿಯ ವ್ಯಾಪಾರಿ ಯಾಸೀನನ ಟೆಂಪೋ ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಆದರೆ ಉಪ್ಪಾಗೆ ಹಣ್ಣಾಗುವುದು ಸುರಿಯುವ ಮಳೆಗಾಲದಲ್ಲಿ. ಆಗ ಸಿಪ್ಪೆ ಒಣಗಬೇಕಾದರೆ ಬೆಂಕಿಯೇ ಗತಿ. ಶಾಂತಾರಾಮ ಕೊಟ್ಟಿಗೆಯ ಪಕ್ಕ ಹೊಸ ಒಲೆಮನೆ ಕಟ್ಟಿಸಿದ. ಒಲೆಗೆ ಸೌದೆ ಬೇಕು. ಹಸಿ ಮರ ಕಡಿದರೆ ಕೇಸು. ಅದಕ್ಕೂ ದಾರಿ ಇದೆ: ಬುಡದ ಸುತ್ತ ಒಂದು ಗೇಣು ತೊಗಟೆ ಕೆತ್ತಿಬಿಟ್ಟರೆ ಮರ ತಾನಾಗಿ ಒಣಗುತ್ತದೆ. ಕಡಿದವರು ಯಾರೂ ಇಲ್ಲ, ಸತ್ತದ್ದು ಮಾತ್ರ ಮರ. ಹೀಗೆ ಸಾಯಬೇಕಾದ್ದು ಯಾವುದು ಎಂದು ಶಾಂತಾರಾಮ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಬೆಟ್ಟದ ಉಪ್ಪಾಗೆ ಮರಗಳಲ್ಲಿ ಎಂದೂ ಕಾಯಿ ಬಿಡದ ಕೆಲವು ಮರಗಳಿದ್ದವು. ಊರವರೆಲ್ಲ ಅವನ್ನು ಗೊಡ್ಡು ಮರ ಅನ್ನುತ್ತಿದ್ದರು. ಅವಕ್ಕೆಲ್ಲ ಕರಟದಲ್ಲಿ ಕಲಸಿದ ಸುಣ್ಣದ ಗೆರೆ ಎಳೆದು, ರಾಘುವಿಗೆ ಹೇಳಿ, ತಾನು ಪೇಟೆಗೆ ಹೋಗಿ ಒಲೆಪೂಜೆಯ ಸಾಮಾನು ತಂದ.

ದರಕು ಗುಡಿಸಲು ಬೆಟ್ಟಕ್ಕೆ ಹೋದ ಗೌರಕ್ಕ ಮೊದಲು ಕಂಡದ್ದು ಆ ಗೆರೆಗಳನ್ನು. ಒಂದು ಮರಕ್ಕೆ, ಇನ್ನೊಂದಕ್ಕೆ, ಆಮೇಲೆ ಹೊಂಡದ ಉಪ್ಪಾಗೆಗೆ. ಒರತೆಯ ಹೊಂಡದ ಪಕ್ಕ ನಿಂತ ಆ ಮುದಿಮರವನ್ನು ಇಬ್ಬರು ಕೈ ಚಾಚಿದರೂ ತಬ್ಬಲಾಗದು. ಅದರ ಬುಡದಲ್ಲಿ ರಾಘು ಕೊಡಲಿ ಕೆಳಗಿಟ್ಟು, ಅಂಗಿ ಬಿಚ್ಚಿ, ಕುಣಿಯುತ್ತಿದ್ದ. ಮೇಲಿನಿಂದ ಚಗಳಿ ಇರುವೆ ಅವನ ಕುತ್ತಿಗೆಗೆ ಬಿದ್ದು ಬೆನ್ನಿಗೆ ಇಳಿದಿದ್ದವು. ಚಗಳಿ ಕಚ್ಚಿಸಿಕೊಂಡವನಿಗೆ ಲೋಕದ ಬೇರೆ ಯಾವ ವ್ಯವಹಾರವೂ ನೆನಪಿರುವುದಿಲ್ಲ. ಗೌರಕ್ಕ ಏನಿದು ಎಂದು ಕೇಳಿದಳು, ಅವನು ಕುಣಿಯುತ್ತಲೇ ಹೇಳಿದ. ಅವಳು ಕೊಡಲಿ ಎತ್ತಿ ಬುಟ್ಟಿಗೆ ಹಾಕಿದಳು, ಮೇಲೆ ದರಕು ತುಂಬಿದಳು, ಹೊತ್ತು ಹೊರಟಳು. ಅವನು ಹಿಂದಿನಿಂದ ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ.

ಶಾಂತಾರಾಮ ಮೊದಲು ನಗಲು ನೋಡಿದ. ಹಿಂದೆ ಈ ಸೀಮೆಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದದ್ದು ಎಲ್ಲರಿಗೂ ಗೊತ್ತು. ಅತ್ಗೆಯೂ ಈಗ ಅಪ್ಪಿಕೋ ಶುರುಮಾಡಿದ್ದಾ ಎಂದು ಚೇಷ್ಟೆ ಮಾಡಿದ. ಅದರ ಮೈತುಂಬ ಚಗಳಿ, ಅಪ್ಪಿಕೊಳ್ಳಲು ತನಗೇನು ತಲೆ ಕೆಟ್ಟಿದೆಯಾ, ಕೊಡಲಿ ಹೊತ್ತು ತಂದದ್ದೇ ಸುಲಭ ಎಂದಳು ಗೌರಕ್ಕ. ಅವನ ನಗು ಅಲ್ಲಿಗೆ ನಿಂತಿತು. ಕೊಡಲಿ ಕೊಡು ಎಂದ. ಕೊಡುವುದಿಲ್ಲ ಎಂದಳು. ಕಾಯಿ ಬಿಡದ ಮರ ಇಟ್ಟುಕೊಂಡು ಮಾಡುವುದೇನು ಎಂದು ಕೇಳಿದ. ಆಗ ಅವಳ ಕೈಯಲ್ಲಿದ್ದ ಪಾತ್ರೆ ಕಟ್ಟೆಯ ಮೇಲೆ ಕೂತ ಸದ್ದು ಜಗಲಿಯವರೆಗೆ ಕೇಳಿತು.

ಶಾಂತಾರಾಮ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಗೌರಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳನ್ನು ಒಂದು ದಿನ ಕಡೆಗಣಿಸಿದವನಲ್ಲ, ಅವಳ ಪಾಲಿನ ಮಾತು ಎತ್ತಿದವನಲ್ಲ. ಆದರೆ ಆ ಮನೆಯಲ್ಲಿ ಅವಳು ಏನೇನು ಕೇಳಿಸಿಕೊಂಡಿದ್ದಳು ಎಂದು ಅವನಿಗೆ ನೆನಪಿರಲಿಲ್ಲ. ನೆನಪಿಡುವ ಅಗತ್ಯವೂ ಅವನಿಗಿರಲಿಲ್ಲ, ಬಿಡಿ. ಮದುವೆಯಾಗಿ ಬಂದು ವರ್ಷಗಳು ಕಳೆದರೂ ಮಡಿಲು ತುಂಬಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಹುಡುಗಿ ನೋಡಲು ಸೋಂದಾ ಕಡೆಯ ನೆಂಟರಿಗೆ ಹೇಳಿಕಳಿಸಿದ್ದರು. ಗಂಡ ಒಪ್ಪಲಿಲ್ಲ ಎಂಬುದೊಂದೇ ಸಮಾಧಾನ. ಶಾಂತಾರಾಮನ ಹೆಂಡತಿ ಲಕ್ಷ್ಮೀಗೆ ಸೀಮಂತ ಮಾಡಿದ ದಿನ ಗೌರಕ್ಕ ಎಲ್ಲ ಅಡುಗೆ ಮಾಡಿದಳು, ಆರತಿಯ ಹೊತ್ತಿಗೆ ಮಾತ್ರ ಅತ್ತೆ ಬಂದು ನೀನು ಒಳಗೇ ಇರು ಎಂದರು. ಒಳಗೇ ಇದ್ದಳು. ಹೋಳಿಗೆ ಬೇಯಿಸುತ್ತಿದ್ದಳು, ಕಣ್ಣೀರು ಬಂದರೆ ಹೊಗೆ ಎಂದು ಹೇಳಬಹುದಿತ್ತು. ಬೈಗುಳಕ್ಕೆ ಅವಳು ಒಗ್ಗಿಹೋದಳು. ಆಮೇಲಾಮೇಲೆ ಶುರುವಾದ ಹೊಗಳಿಕೆ ಮಾತ್ರ ಎಂದೂ ಒಗ್ಗಲಿಲ್ಲ. ಮಕ್ಕಳಿಲ್ಲದಿದ್ದರೇನು, ಮನೆಗೆ ಎಷ್ಟು ಉಪಯೋಗ ಬಿದ್ದಳು ನೋಡಿ, ಎನ್ನುತ್ತಿದ್ದರು ನೆಂಟರು. ಅದನ್ನು ಅವಳ ಎದುರಿಗೇ, ಬಾಯಿ ತುಂಬ ಹೇಳುತ್ತಿದ್ದರು.

ಆಗೆಲ್ಲ ಅವಳು ದರಕಿನ ನೆವ ಮಾಡಿ ಬೆಟ್ಟಕ್ಕೆ ಹೋಗಿ ಹೊಂಡದ ಉಪ್ಪಾಗೆಯ ಬೇರಿನ ಮೇಲೆ ಕೂರುತ್ತಿದ್ದಳು, ಇರುವೆಯ ದಾರಿ ತಪ್ಪಿಸಿ. ಆ ಮರ ಅವಳಿಗೆ ಸಾಂತ್ವನ ಹೇಳಿತು, ಗೆಳತಿಯಾಯಿತು ಎಂದೆಲ್ಲ ನಾನು ಹೇಳುವುದಿಲ್ಲ. ಮರ ಅವಳನ್ನು ಲೆಕ್ಕಕ್ಕೇ ಇಡಲಿಲ್ಲ, ಅದೇ ಅವಳಿಗೆ ಹಿಡಿಸಿತು. ಅಲ್ಲಿ ಎಲ್ಲರಿಗೂ ಅವರವರ ಕೆಲಸ. ಮೇಲೆ ಚಗಳಿ ಎಲೆ ಸೇರಿಸಿ ಹೊಲಿದ ಕೊಟ್ಟೆ. ಪೊಟರೆಯಲ್ಲಿ ಮಿಸರಿ ಜೇನು, ಬಾಗಿಲಿಗೆ ಮೇಣದ ಸಣ್ಣ ಕೊಳವೆ. ಕವಲಿನಲ್ಲಿ ಸೀತಾಳೆ ದಂಡೆಯ ಹೂಗೊಂಚಲು, ಕೆಂದಳಿಲಿನ ಗೂಡು, ಆಗಾಗ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಬಂದು ಕೂತರೆ ರೆಕ್ಕೆಯ ಸದ್ದಿಗೆ ಮೈ ಜುಮ್ಮೆನ್ನುತ್ತಿತ್ತು. ಸತ್ತ ಕೊಂಬೆಗೆ ಮಳೆ ಬಿದ್ದಾಗ ಕಿತ್ತಳೆ ಬಣ್ಣದ ಅಣಬೆ ಸಾಲು. ಇನ್ನೂ ಏನೇನೋ ಹುಳ, ಪಾಚಿ, ಬೂಷ್ಟು. ಹೆಸರು ಗೊತ್ತಿದ್ದದ್ದು ಕಡಿಮೆ, ಗೊತ್ತಿಲ್ಲದ್ದೇ ಹೆಚ್ಚು. ಹೆಸರು ಕೇಳಿಕೊಂಡು ಬರಲು ಅವಳೇನು ಅಲ್ಲಿಗೆ ನೆಂಟಸ್ತಿಕೆಗೆ ಹೋದವಳಲ್ಲ.

ಹೆಸರು ಹೇಳುವವಳು ಆಮೇಲೆ ಹುಟ್ಟಿದಳು. ಲಕ್ಷ್ಮೀಯ ಮಗಳು ಸಮೃದ್ಧಿ ತನ್ನ ದೊಡ್ಡಾಯಿ ಗೌರಕ್ಕನ ಸೊಂಟದ ಮೇಲೇ ಬೆಳೆದವಳು. ಈಗ ಶಿರಸಿಯಲ್ಲಿ ಕಾಡಿನ ವಿಷಯವನ್ನೇ ಓದುತ್ತಿದ್ದಳು. ವಾರದ ಕೊನೆಗೆ ಮನೆಗೆ ಬಂದರೆ ಫೋನಿನಲ್ಲಿ ಲೋಕದ ಕಾಡುಗಳನ್ನೆಲ್ಲ ತೋರಿಸುತ್ತಿದ್ದಳು. ಹಾರಲು ಬಾರದ ದಪ್ಪ ಗಿಳಿ ಒಂದು ದ್ವೀಪದಲ್ಲಿ ನೆಲದ ಮೇಲೆ ಓಡಾಡಿಕೊಂಡಿದೆ. ಒಂದು ಸೋಮಾರಿ ಪ್ರಾಣಿ ಎಷ್ಟು ನಿಧಾನವೆಂದರೆ ಅದರ ಕೂದಲಲ್ಲಿ ಪಾಚಿ ಬೆಳೆದು, ಪಾಚಿಯ ನಡುವೆ ಪತಂಗ ಸಂಸಾರ ಹೂಡುತ್ತವೆ. ಅಮೆರಿಕದ ಒಂದು ಕಾಡಿನ ನೆಲದಡಿ ಒಂದೇ ಒಂದು ಅಣಬೆ ಊರುಗಟ್ಟಲೆ ಹಬ್ಬಿಕೊಂಡಿದೆ, ಮೇಲೆ ಕಾಣುವುದು ಅಲ್ಲೊಂದು ಇಲ್ಲೊಂದು ಕೊಡೆ. ಗೌರಕ್ಕ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸುಮಾತ್ರಾದ ಹೂವು: ಎಲೆಯಿಲ್ಲ, ಕಾಂಡವಿಲ್ಲ, ಯಾವುದೋ ಬಳ್ಳಿಯ ಮೈಯೊಳಗೆ ಗುಟ್ಟಾಗಿದ್ದು, ಒಂದು ದಿನ ಮೊರದಷ್ಟು ಅಗಲಕ್ಕೆ ಅರಳಿ, ಸತ್ತ ದನದ ಹಾಗೆ ನಾರುತ್ತದಂತೆ. ಅದನ್ನು ಯಾರು ಮುಡಿಯುತ್ತಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಸಮೃದ್ಧಿ. ಹಾಗಾದರೆ ಅದು ಯಾರಿಗೆ? ಯಾರಿಗೂ ಅಲ್ಲ ದೊಡ್ಡಾಯಿ, ಅದರ ಪಾಡಿಗೆ ಅದು. ಗೌರಕ್ಕ ಅವತ್ತು ರೊಟ್ಟಿ ಸೀಯುವಷ್ಟು ಹೊತ್ತು ನಕ್ಕಿದ್ದಳು. ನಗುವಿನ ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಸಮೃದ್ಧಿ ಗಮನಿಸಿದಳು, ಕಾರಣ ಕೇಳಲಿಲ್ಲ.

ಕೊಡಲಿಯ ರಗಳೆಯಾದ ವಾರವೇ ಸಮೃದ್ಧಿ ಬಂದಳು. ಸೋಮವಾರ ಒಲೆಪೂಜೆ, ಎರಡು ದಿನ ರಜೆ ಹಾಕಿದ್ದಳು. ದೊಡ್ಡಾಯಿ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ, ಅಪ್ಪ ಕೊಡಲಿ ಬೇರೆ ತರಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ, ಇಬ್ಬರ ನಡುವೆ ಲಕ್ಷ್ಮೀ ಬಡಿಸುತ್ತ ಬಡಿಸುತ್ತ ಸೋತಿದ್ದಾಳೆ. ವಿಷಯ ಕೇಳಿದ ಸಮೃದ್ಧಿ ಚಪ್ಪಲಿ ಮೆಟ್ಟಿ ಬೆಟ್ಟಕ್ಕೆ ಓಡಿದಳು. ಶಿವರಾತ್ರಿ ಕಳೆದಿತ್ತು, ಉಪ್ಪಾಗೆ ಹೂ ಬಿಡುವ ಕಾಲ. ಸುಣ್ಣದ ಗೆರೆ ಬಿದ್ದ ಮರಗಳ ಕೊಂಬೆ ಬಗ್ಗಿಸಿ ಹೂ ಕಿತ್ತು ಕೈತುಂಬ ತಂದಳು.

ಅವಳು ಜಗಲಿಯಲ್ಲಿ ಹೂ ಹರಡಿ ಹೇಳಿದ್ದು ಸರಳವಾಗಿತ್ತು. ಇವು ಗೊಡ್ಡಲ್ಲ, ಗಂಡು ಮರ. ಪಪಾಯಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇಲ್ಲವೇ, ಹಾಗೆ. ಇವನ್ನು ಸಾಯಿಸಿದರೆ ಉಳಿದ ಮರಗಳಿಗೆ ಕಾಯಿ ಕಚ್ಚುವುದೇ ಅನುಮಾನ. ಶಾಂತಾರಾಮ ಹೂ ತಿರುಗಿಸಿ ಮುರುಗಿಸಿ ನೋಡಿದ. ಅಷ್ಟರಲ್ಲಿ ಯಾಸೀನನ ಫೋನ್ ಬಂತು, ಪೂಜೆಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಲು. ಶಾಂತಾರಾಮ ಇದನ್ನೂ ಕೇಳಿದ. ಯಲ್ಲಾಪುರದ ಕಡೆಯ ಒಬ್ಬ ಗಿರಾಕಿ ಬೆಟ್ಟದ ಗೊಡ್ಡು ಮರಗಳನ್ನೆಲ್ಲ ತೆಗೆಸಿದ ಮೇಲೆ ಕಾಯಿಯೇ ಇಲ್ಲವೆಂದು ಕೂತಿದ್ದಾನೆ, ದೇವರ ಕಾಟ ಎಂದು ಹರಕೆ ಹೊತ್ತಿದ್ದಾನೆ ಎಂದ ಯಾಸೀನ್. ಶಾಂತಾರಾಮ ಫೋನ್ ಇಟ್ಟು, ದೊಡ್ಡ ಅನಾಹುತ ತಪ್ಪಿತು ಮಾರಾಯ್ತಿ ಎಂದು ಮಗಳಿಗೆ ಹೇಳಿದ. ಆ ಕ್ಷಣ ಅವನು ನಿಜಕ್ಕೂ ಖುಷಿಯಾಗಿದ್ದ. ಸಮೃದ್ಧಿ ಒಳಗೆ ಬಂದು ದೊಡ್ಡಾಯಿಯ ಕತ್ತು ಬಳಸಿ, ಗೆದ್ದೆ ನೀನು, ಕೊಡಲಿ ವಾಪಸು ಕೊಡು ಎಂದಳು.

"ಹೊಂಡದ ಮರದ ಹೂ ಯಾವ್ದು ಇದ್ರಲ್ಲಿ?" ಎಂದಳು ಗೌರಕ್ಕ.

ಸಮೃದ್ಧಿಯ ಕೈ ಸಡಿಲಾಯಿತು. ಹೊಂಡದ ಮರದಲ್ಲಿ ಹೂ ಇರಲಿಲ್ಲ. ಕೆಳಗಿನಿಂದ ನೋಡಿದ್ದಳು, ಬಂಡೆ ಹತ್ತಿ ನೋಡಿದ್ದಳು, ಒಂದು ಮೊಗ್ಗೂ ಇಲ್ಲ. ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮುದಿಯಾಗಿರಬಹುದು, ರೋಗವಿರಬಹುದು, ತನಗೂ ಗೊತ್ತಿಲ್ಲ ಎಂದಳು. ಆ ಮರದಲ್ಲಿ ಹೂ ಕಂಡವರು ಊರಲ್ಲೂ ಯಾರೂ ಇರಲಿಲ್ಲ. ಅಂದರೆ ಉಳಿದವೆಲ್ಲ ಗೊಡ್ಡು ಅನ್ನುವ ಹೆಸರು ಕಳಚಿಕೊಂಡು ಗಂಡುಮರಗಳಾದವು, ಆ ಹೆಸರು ಪೂರಾ ಹೋಗಿ ಈ ಒಂದರ ಮೇಲೆ ಕೂತಿತು.

ಸಂಜೆ ಚಹಾದ ಹೊತ್ತಿಗೆ ಶಾಂತಾರಾಮ ರಾಜಿಗೆ ಬಂದ. ಉಳಿದ ಮರಗಳ ಸುಣ್ಣ ತಾನೇ ಅಳಿಸುತ್ತಾನೆ, ಅತ್ತಿಗೆಯ ಮಾತು ಗೆದ್ದಿತು. ಹೊಂಡದ್ದೊಂದು ಹೋಗಲಿ. ಅದೊಂದೇ ಸಾಕು, ಇಡೀ ಮಳೆಗಾಲ ಒಲೆ ಉರಿಯುತ್ತದೆ. ಅದಕ್ಕೆ ಪ್ರತಿಯಾಗಿ ಬೇರೆ ಹತ್ತು ಸಸಿ ನೆಡೋಣ. ಸಮೃದ್ಧಿ ಬಿಡಲಿಲ್ಲ. ಅದರ ಪೊಟರೆಯ ಮಿಸರಿ ಜೇನೇ ಉಳಿದ ಮರಗಳ ಹೂವಿಗೆ ಹೋಗುವುದು, ಆ ಲೆಕ್ಕದಲ್ಲಿ ಈ ಮರವೂ ಉಪಯೋಗದ್ದೇ ಎಂದು ವಾದ ಹೂಡಿದಳು. ಮಂಗಟ್ಟೆ ಬೀಜ ಬಿತ್ತುತ್ತದೆ, ಚಗಳಿ ಹುಳ ತಿನ್ನುತ್ತದೆ ಎಂದು ಇನ್ನೂ ಹೇಳುವವಳಿದ್ದಳು. ಅಪ್ಪ ತಲೆದೂಗತೊಡಗಿದ್ದ, ಇನ್ನೆರಡು ಮಾತಿಗೆ ಒಪ್ಪುತ್ತಲೂ ಇದ್ದನೇನೋ. ತಡೆದವಳು ಗೌರಕ್ಕ.

"ಸಾಕು ತಂಗಿ, ವಕೀಲಿಕೆ ಬೇಡ," ಎಂದಳು. "ಜೇನು ಇದ್ದು ಹೇಳಿ ಇವತ್ತು ಬಿಟ್ರೆ, ನಾಳೆ ಜೇನು ಹಾರಿಹೋದ್ರೆ ಕೊಡಲಿ ಬತ್ತು. ಅದು ಯಾರಿಗೂ ಬೇಡದ್ದೇ ಹೇಳಿ ಇಟ್ಕ. ಹೂ ಇಲ್ಲೆ, ಕಾಯಿ ಇಲ್ಲೆ, ಎಂತದೂ ಇಲ್ಲೆ. ಆದ್ರೂ ಅದು ಇದ್ದು. ಇರ್ಲಿ ಹೇಳಿ ಆನು ಹೇಳದು. ಆ ನಾರೋ ಹೂವಿನ ಹತ್ರ ಯಾರಾದ್ರೂ ಕೇಳಿದ್ವ, ನೀ ಯಾರ ಉಪಯೋಗಕ್ಕೆ ಹುಟ್ಟಿದ್ದು ಹೇಳಿ?"

ಮರ ಇದೆ, ಅದಕ್ಕೇ ಇರಲಿ ಎಂಬ ಮಾತಾಗಲಿ, ನಾರುವ ಹೂವಿನ ತಲೆಬುಡವಾಗಲಿ ಶಾಂತಾರಾಮನಿಗೆ ತಿಳಿಯಲಿಲ್ಲ. ಅತ್ತಿಗೆಯ ದನಿ ನಡುಗಿದ್ದು ಮಾತ್ರ ತಿಳಿಯಿತು. ಅವನು ಲೋಟ ಕೆಳಗಿಟ್ಟು, ಬಹಳ ಮೆತ್ತಗೆ, ಮನಸಾರೆ ಹೇಳಿದ:

"ಅತ್ಗೆ, ಇದನ್ನೆಲ್ಲ ಎಂತಕ್ಕೆ ನಿನ್ ಮೈಮೇಲೆ ಹಾಕ್ಯಳದು? ನಿಂಗೆ ಯಾರಾದ್ರೂ ಎಂತಾದ್ರೂ ಹೇಳಿದ್ವ? ನಿನ್ನಷ್ಟು ಈ ಮನೆಗೆ ಉಪಯೋಗ ಬಿದ್ದವ್ವು ಮತ್ಯಾರಿದ್ದ?"

ಅಡುಗೆಮನೆಯಲ್ಲಿ ಲಕ್ಷ್ಮೀಯ ಕೈ ನಿಂತಿತು. ಗೌರಕ್ಕ ಎದ್ದು ಹೋಗಿ ಕರುವಿಗೆ ನೀರಿಟ್ಟಳು, ದೇವರಿಗೆ ದೀಪ ಹಚ್ಚಿದಳು, ಎಲ್ಲರಿಗೂ ಬಡಿಸಿದಳು. ಒಳಗೆ ಮಾತ್ರ ಬೆಂಕಿ ಬಿದ್ದಿತ್ತು. ಉಪಯೋಗ! ಬೆಳಗಾದರೆ ಹಾಲು ಕರೆದು, ಸೆಗಣಿ ಬಾಚಿ, ಬೇರೆಯವರ ಮಕ್ಕಳ ಮೂಗೊರೆಸಿ, ಅತ್ತೆಯ ಮಲಮೂತ್ರ ಎತ್ತಿ ಅವಳು ಬದುಕಿಗೆ ಬಾಡಿಗೆ ಕಟ್ಟುತ್ತ ಬಂದಿದ್ದಳು ಅಂತಾಯಿತು. ಕೈಕಾಲು ಬಿದ್ದುಹೋದ ದಿನ? ಹಾಸಿಗೆ ಹಿಡಿದು, ಯಾರಿಗೂ ಏನೂ ಮಾಡಿಕೊಡಲಾಗದ ದಿನ? ಅಂದು ಇವರು ಅವಳನ್ನು ನೋಡಿಕೊಳ್ಳುತ್ತಾರೆ, ಅದು ಅವಳಿಗೂ ಗೊತ್ತು; ಆದರೆ ಹಳೆಯ ಉಪಯೋಗ ನೆನೆಸಿಕೊಂಡು ನೋಡಿಕೊಳ್ಳುತ್ತಾರೆ. ಸುಮ್ಮನೆ ಇದ್ದಾಳೆ ಎಂಬ ಒಂದೇ ಕಾರಣಕ್ಕೆ ಯಾರೂ ಅವಳನ್ನು ಎಂದೂ ಇಟ್ಟುಕೊಂಡಿರಲಿಲ್ಲ.

ಸೋಮವಾರ ಬೆಳಗ್ಗೆ ಶಾಂತಾರಾಮ ಮಿಂದು, ಮಡಿಯುಟ್ಟು ಹೊರಗೆ ಬಂದವನು ಮೆಟ್ಟಿಲ ಮೇಲೇ ನಿಂತ.

ಅಂಗಳದ ಬಾಗಿಲು ದಣಪೆಯ ಪಕ್ಕದ ಹಲಸಿನ ಮರದ ಬುಡಕ್ಕೆ ಸುಣ್ಣದ ಗೆರೆ. ಆ ಹಲಸು ಎಂದೂ ಕಾಯಿ ಬಿಟ್ಟದ್ದಲ್ಲ, ಅವನ ಬೈಕು ನೆರಳಿಗೆ ನಿಲ್ಲುತ್ತಿದ್ದದ್ದು ಅದರಡಿಗೇ. ಕೊಟ್ಟಿಗೆಯಲ್ಲಿ ಹಾಲು ಬತ್ತಿ ಎಷ್ಟೋ ಕಾಲವಾದ ಮುದಿ ಹಸು ಗಂಗೆಯ ಕೊಂಬಿಗೆ ಗೆರೆ. ಕಳ್ಳ ಬಂದರೂ ಬಾಲ ಅಲ್ಲಾಡಿಸುವ ನಾಯಿಯ ಕುತ್ತಿಗೆಗೆ ಗೆರೆ. ನಿಂತುಹೋದ ಗಡಿಯಾರಕ್ಕೆ, ಹಾಡದ ರೇಡಿಯೋಗೆ, ತಂದೆಯವರ ಕಾಲದ ಆರಾಮಕುರ್ಚಿಯ ಕೈಗೆ. ಕೊನೆಗೆ ಜಗಲಿಯ ಗೋಡೆಯಲ್ಲಿ, ರುಮಾಲು ಸುತ್ತಿ ಕೂತ ತಂದೆಯವರ ಫೋಟೋದ ಗಾಜಿಗೂ ಒಂದು ಗೆರೆ, ಅಡ್ಡಡ್ಡ, ದಪ್ಪಗೆ. ಶಾಂತಾರಾಮನ ಮೈಯೆಲ್ಲ ಉರಿಯಿತು. ಅತ್ಗೆ ಎಂದು ಕೂಗುತ್ತ ಒಳಗೆ ನುಗ್ಗಿದ. ಗೌರಕ್ಕ ಪಾನಕಕ್ಕೆ ಬೆಲ್ಲ ಕದಡುತ್ತಿದ್ದಳು. ಅವಳ ಎಡಗೈಯಲ್ಲಿ, ಬಳೆ ಇರಬೇಕಾಗಿದ್ದ ಜಾಗದಲ್ಲಿ, ಸುತ್ತಲೂ ಬೆರಳಗಲದ ಸುಣ್ಣದ ಪಟ್ಟಿ.

ಅಳಿಸು ಎಂದು ಹೇಳಲೂ ಸಮಯ ಸಿಗಲಿಲ್ಲ, ಭಟ್ಟರು ಬಂದರು. ಹಿಂದಿನಿಂದ ಅಕ್ಕಪಕ್ಕದ ಮನೆಯವರು. ರಾಘು ಬಂದ. ಯಾಸೀನ್ ಟೆಂಪೋ ನಿಲ್ಲಿಸಿ, ಹಣ್ಣಿನ ಚೀಲ ಹಿಡಿದು, ಹಲಸಿನ ಮರವನ್ನೊಮ್ಮೆ, ನಾಯಿಯನ್ನೊಮ್ಮೆ ನೋಡುತ್ತ ಅಂಗಳ ದಾಟಿದ. ಕೇಳುವುದೋ ಬೇಡವೋ ಎಂದು ಎಲ್ಲರಿಗೂ ಅನುಮಾನ. ಸುಣ್ಣ ಹಚ್ಚಿದ ಫೋಟೋದ ಕೆಳಗೆ ಕೂತ ಭಟ್ಟರಂತೂ ಕಣ್ಣು ಮೇಲೆತ್ತಲೇ ಇಲ್ಲ. ಗೌರಕ್ಕ ಪಾನಕದ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು. ಸೆರಗಿನಲ್ಲಿ ಕೈ ಮುಚ್ಚಿಕೊಳ್ಳಬಹುದಿತ್ತು. ಇವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಡಗೈಯನ್ನೇ ಮುಂದೆ ಚಾಚಿ ಲೋಟ ಹಿಡಿಸುತ್ತ ಬಂದಳು. ತಟ್ಟೆ ಬಲಗೈಯಲ್ಲಿತ್ತು, ಹಾಗಾಗಿ ಯಾರೂ ಆಕ್ಷೇಪ ಎತ್ತುವಂತಿರಲಿಲ್ಲ.

ಯಾಸೀನ್ ಲೋಟ ತೆಗೆದುಕೊಂಡವನು ತಡೆಯಲಾರದೆ ಕೇಳಿದ, "ಕೈಗೇನಾಯ್ತು ಗೌರಕ್ಕಾ? ಪೆಟ್ಟಾಯ್ತಾ?"

"ಪೆಟ್ಟಲ್ಲ ಯಾಸೀನ್. ಫಲ ಬಿಡದೇ ಇದ್ದದ್ದಕ್ಕೆಲ್ಲ ನಮ್ಮನೇಲಿ ಈ ಗುರುತು. ಮುಂದಿನ ವರ್ಷದ ಒಲೆಗೆ."

ದೊಡ್ಡ ದನಿಯಲ್ಲೇನೂ ಹೇಳಲಿಲ್ಲ, ಆದರೆ ಜಗಲಿಯ ಆ ತುದಿಗೂ ಕೇಳಿತು. ಯಾಸೀನ್ ಕಣ್ಣು ತಗ್ಗಿಸಿದ. ಪಕ್ಕದ ಮನೆಯ ಹೆಂಗಸರಲ್ಲಿ ಒಬ್ಬಳು, ಇದೆಲ್ಲ ಎಂತಾ ಗೌರಕ್ಕ, ನಾಲ್ಕು ಜನರ ಎದುರು, ತೊಳ್ಕೊಂಡು ಬಾ ಎಂದು ಪಿಸುಗುಟ್ಟಿ, ತನ್ನ ಸೆರಗಿನ ತುದಿಯಿಂದ ಆ ಪಟ್ಟಿಯನ್ನು ತಾನೇ ಒರೆಸಿಬಿಟ್ಟಳು. ಪಾನಕದ ಒದ್ದೆಗೆ ಸುಣ್ಣ ಅರ್ಧ ಅಳಿಸಿ ಕಲಸಿಹೋಯಿತು. ಗೌರಕ್ಕ ಕೈ ನೋಡಿಕೊಂಡಳು. ಆ ಒಂದು ಗಳಿಗೆ ಅವಳ ಧೈರ್ಯವೂ ಕಲಸಿಹೋಯಿತೇನೋ. ಅರವತ್ತರ ಹತ್ತಿರದ ಹೆಂಗಸು ಊರವರ ಎದುರು ಮಕ್ಕಳಾಟ ಆಡುತ್ತಿದ್ದೇನೆ ಎಂದು ನಾಚಿಕೆಯೂ ಆಗಿರಬೇಕು.

ಆಗ ಲಕ್ಷ್ಮೀ ಒಳಗಿನಿಂದ ಬಂದಳು. ಇಷ್ಟು ವರ್ಷ ನಾಲ್ಕು ಜನರೆದುರು ಗಂಡನಿಗೆ ಎದುರು ಒಂದು ಮಾತು ಆಡಿದವಳಲ್ಲ. ಭಟ್ಟರ ಮುಂದಿದ್ದ ಎಲೆಯಡಿಕೆಯ ಕವಳದ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿಕೊಂಡಳು, ಗೌರಕ್ಕನ ಎಡಗೈ ಹಿಡಿದಳು, ಬೆರಳಲ್ಲಿ ಸುಣ್ಣ ತೆಗೆದು ಅಳಿಸಿದ ಪಟ್ಟಿಯನ್ನು ಮತ್ತೆ ಬರೆದಳು. ನಿಧಾನವಾಗಿ, ಸುತ್ತಲೂ, ಎಲ್ಲೂ ತುಂಡಾಗದ ಹಾಗೆ. ಬರೆದು ಮುಗಿಸಿ ಮುಖ ಎತ್ತಿದಾಗ ಅವಳ ಕಣ್ಣು ತುಂಬಿತ್ತು.

"ಅವತ್ತು ನಿನ್ನ ಒಳಗಿಂದ ಕರೆಯಕ್ಕಾಗಿತ್ತು ಆನು," ಎಂದಳು. "ಕರದ್ನಿಲ್ಲೆ."

ಯಾವತ್ತು ಎಂದು ಗೌರಕ್ಕ ಕೇಳಲಿಲ್ಲ. ಸೀಮಂತದ ಹೋಳಿಗೆಯ ಹೊಗೆ ಅವಳಿಗೆ ಇನ್ನೂ ಮೂಗಲ್ಲಿತ್ತು. ಲಕ್ಷ್ಮೀಯ ಕೈಯನ್ನು ಒಮ್ಮೆ ಒತ್ತಿ ಹಿಡಿದಳು, ಆಮೇಲೆ ತಟ್ಟೆ ಎತ್ತಿಕೊಂಡು ಉಳಿದವರಿಗೆ ಪಾನಕ ಕೊಡಲು ಹೋದಳು.

ಶಾಂತಾರಾಮ ಎದ್ದ. ಭಟ್ಟರು ಮುಹೂರ್ತ ಎಂದರು, ಅವನು ಕೇಳಿಸಿಕೊಳ್ಳಲಿಲ್ಲ. ಹಿತ್ತಿಲಲ್ಲಿ ಒಣಗಿಸಿದ್ದ ಒಂದು ಪಂಚೆ ತೆಗೆದುಕೊಂಡು, ಕೊಡದಲ್ಲಿ ನೀರು ಹಿಡಿದು, ಮಡಿಯಲ್ಲೇ ಬೆಟ್ಟದ ದಾರಿ ಹಿಡಿದ. ಜನ ಜಗಲಿಯಲ್ಲಿ ಕೂತೇ ಇದ್ದರು. ಸಮೃದ್ಧಿ ಅಪ್ಪನ ಹಿಂದೆ ಹೋಗಲು ಎದ್ದಳು, ಗೌರಕ್ಕ ಕಣ್ಣಲ್ಲೇ ಕೂರಿಸಿದಳು. ಅದು ಅವನೊಬ್ಬನೇ ಹೋಗಬೇಕಾದ ಕೆಲಸ.

ಎಷ್ಟೋ ಹೊತ್ತಿನ ಮೇಲೆ ವಾಪಸು ಬಂದ. ಪಂಚೆ ಬಿಳಿ ಕೆಸರಾಗಿತ್ತು, ಮಡಿ ಹಾಳಾಗಿತ್ತು, ಹೆಗಲ ಮೇಲೆ, ಕುತ್ತಿಗೆಯ ಮೇಲೆ ಚಗಳಿ ಕಚ್ಚಿದ ಕೆಂಪು ಗಂಟುಗಳು ಎದ್ದಿದ್ದವು. ರಾಘು ತುಟಿ ಕಚ್ಚಿ ನಗು ತಡೆದುಕೊಂಡ. ಶಾಂತಾರಾಮ ಯಾರನ್ನೂ ನೋಡದೆ ನೇರ ಅತ್ತಿಗೆಯ ಎದುರು ಬಂದು ನಿಂತ.

"ಹೊಂಡದ್ದೂ ಅಳಿಸಿದ್ದು," ಎಂದ. "ಎಲ್ಲದ್ದೂ. ಅದ್ರ ಹೂವಿನ ಮಾತು, ಜೇನಿನ ಮಾತು ಇನ್ನು ಎತ್ತತಿಲ್ಲೆ. ಇರ್ಲಿ ಅದು. ಈಗ ನಿಂದೂ ತೊಳ್ಕ ಅತ್ಗೆ."

ಗೌರಕ್ಕ ಮೈದುನನ ಹೆಗಲ ಕಡಿತಗಳನ್ನು ನೋಡಿದಳು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಅವನ ಕೈಗಿತ್ತಳು. ಮಂಚದ ಕೆಳಗಿನ ಕೊಡಲಿ ತಂದು ರಾಘುವಿಗೆ ಕೊಟ್ಟಳು. ಒಂದು ಬಟ್ಟೆ ಒದ್ದೆ ಮಾಡಿ ಮಾವನವರ ಫೋಟೋ ಒರೆಸಿದಳು, ಹಸುವಿನ ಕೊಂಬು ಒರೆಸಿದಳು, ನಾಯಿ ಕೈಗೆ ಸಿಗಲಿಲ್ಲ. ಹೊಸ ಒಲೆಗೆ ಅಂದು ಮೊದಲ ಬೆಂಕಿ ಬಿದ್ದದ್ದು ತೆಂಗಿನ ಚಿಪ್ಪು, ಅಡಿಕೆ ಸಿಪ್ಪೆಯಲ್ಲಿ. ಹೊಗೆ ಸ್ವಲ್ಪ ಜಾಸ್ತಿಯಾಯಿತು, ಭಟ್ಟರು ಕೆಮ್ಮುತ್ತಲೇ ಮಂತ್ರ ಹೇಳಿದರು. ಊಟವಾಗಿ ಜನ ಚದುರಿದರು. ಶಾಂತಾರಾಮ ನೋಡುತ್ತಾನೆ, ನಾಯಿಯದ್ದೊಂದು ಬಿಟ್ಟರೆ ಎಲ್ಲ ಗೆರೆಯೂ ಹೋಗಿದೆ, ಅವಳ ಕೈಯದ್ದು ಮಾತ್ರ ಹಾಗೇ ಇದೆ.

ಸುಣ್ಣ ಚರ್ಮ ಸುಡುತ್ತದೆ, ಇನ್ನಾದರೂ ತೊಳೆದುಕೋ ಎಂದು ಮತ್ತೆ ಕೇಳಿಕೊಂಡ. ಸ್ವಲ್ಪ ಚುರುಚುರು ಅನ್ನುತ್ತಿದ್ದದ್ದು ಹೌದು. ಗೌರಕ್ಕ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಣಪೆಯ ಹತ್ತಿರ ನಿಂತಳು, ಕೊಡಲಿ ತಂದ ದಿನ ದರಕು ಗುಡಿಸುವುದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳಲ್ಲ.

"ಎನ್ನದು ಇರ್ಲಿ," ಎಂದಳು. "ಇನ್ನೊಂದ್ಸಲ ಈ ಮನೇಲಿ ಯಾರಾದ್ರೂ ಸುಣ್ಣದ ಕರಟ ಎತ್ತಕಾದ್ರೆ, ಮೊದ್ಲು ಇದು ಕಾಣ್ಲಿ."

ಹೇಳಿ ಬೆಟ್ಟ ಹತ್ತಿದಳು. ಆ ಪಟ್ಟಿ ಈಗಲೂ ಇದೆ. ಮಿಂದರೆ ಹೋಗುತ್ತದೆ, ಮಿಂದು ಬಂದು, ತಲೆ ಒರೆಸಿಕೊಂಡು, ಲಕ್ಷ್ಮೀಯ ಮುಂದೆ ಕೈ ಚಾಚುತ್ತಾಳೆ.